ನಿನ್ನೆಯ ಕೈ

ಮಾಸ್ಟ್ರ ಮಿಕ್ಸರಿನಲ್ಲಿ ದನಿ ಏರಿಳಿಸುವ ಪ್ರತಿ ಫೇಡರಿನ ಪಕ್ಕಕ್ಕೂ ಒಂದು ಬಿಳಿ ಟೇಪಿನ ಪಟ್ಟಿ ಇರುತ್ತಿತ್ತು. ಅದರ ಮೇಲೆ ಬಾಲ್ ಪೆನ್ನಿನಲ್ಲಿ ಸಣ್ಣ ಸಣ್ಣ ಗೀಟುಗಳು. ಒಂದರ ಮುಂದೆ ‘ಪ’, ಇನ್ನೊಂದರ ಮುಂದೆ ‘ಚ1’, ಅದರ ಮೇಲೆ ‘ಚ2’. ಪಲ್ಲವಿಗೆ ಕೊಳಲು ಇಲ್ಲಿರಬೇಕು, ಮೊದಲ ಚರಣಕ್ಕೆ ಇಲ್ಲಿಗೆ ಇಳಿಯಬೇಕು, ಎರಡನೆಯ ಚರಣಕ್ಕೆ ಮತ್ತೆ ಇಷ್ಟು ಏರಬೇಕು. 1996ರಲ್ಲಿ ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯೊಂದರಲ್ಲಿ ಮಾಸ್ಟ್ರು ಹಾಡು ರೆಕಾರ್ಡು ಮಾಡುತ್ತಿದ್ದ ಕೋಣೆಗೆ ನಾನು ವೈರು ಸುತ್ತಲು ಸೇರಿದಾಗ ನನಗೆ ಸಿಕ್ಕ ಮೊದಲ ಬಡ್ತಿ ಎಂದರೆ ಈ ಕೊಳಲಿನ ಫೇಡರು.

ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರು. ಹಾಡಿದ್ದು, ನುಡಿಸಿದ್ದು ಎಲ್ಲ ಅದರಲ್ಲಿ ಇರುತ್ತಿತ್ತು. ಅದನ್ನು ಎರಡು ಚಾನೆಲ್ಲಿಗೆ ಇಳಿಸುವಾಗ ಮಾತ್ರ ಕೋಣೆಯಲ್ಲಿದ್ದವರೆಲ್ಲ ಕೆಲಸಗಾರರು. ಹಾಡುವ ದನಿಯ ಮೇಲೆ ಮಾಸ್ಟ್ರ ಬಲಗೈ, ಹಾರ್ಮೋನಿಯಂ ಮೇಲೆ ಎಡಗೈ, ಕೊಳಲಿನ ಮೇಲೆ ನಾನು, ತಬಲಾದ ಮೇಲೆ ತಬಲಾ ಬಾರಿಸಿದವನೇ. ಅವನನ್ನು ಕೂರಿಸಬಾರದಿತ್ತು. ತನ್ನ ತಬಲಾವನ್ನು ಯಾವನು ತಗ್ಗಿಸಿಕೊಳ್ಳುತ್ತಾನೆ? ಐದು ನಿಮಿಷದ ಹಾಡಿನ ನಾಲ್ಕನೆಯ ನಿಮಿಷದಲ್ಲಿ ಒಬ್ಬರ ಬೆರಳು ತಪ್ಪಿದರೆ ಮತ್ತೆ ಮೊದಲಿನಿಂದ. ಒಂದು ಜಾತ್ರೆ ಕ್ಯಾಸೆಟ್ಟಿನ ಶೀರ್ಷಿಕೆ ಹಾಡನ್ನು ಹನ್ನೊಂದು ಸಲ ಇಳಿಸಿದ್ದು ನೆನಪಿದೆ. ಹನ್ನೊಂದನೆಯದರಲ್ಲಿ ತಪ್ಪಾಗಿದ್ದು ನನ್ನದೇ, ಆದರೆ ಅಷ್ಟೊತ್ತಿಗೆ ಎಲ್ಲರಿಗೂ ಹಸಿವಾಗಿತ್ತು. ಆ ಕ್ಯಾಸೆಟ್ಟು ಹಾಗೇ ಮಾರಾಟವಾಯಿತು.

ಆ ಗೀಟುಗಳು ನನಗೆ ಹೊಸವಲ್ಲ. ನಮ್ಮಪ್ಪ ಕಂಪ್ಲಿ ಕಾಲುವೆಯ ಮೇಲೆ ನೀರುಗಂಟಿ. ವಿಜಯನಗರದ ಕಾಲದ್ದು ಅದು. ಅಣೆಕಟ್ಟು ಬರುವುದಕ್ಕೆ ನಾಲ್ಕೈದು ನೂರು ವರ್ಷ ಮೊದಲೇ ಹೊಳೆಗೆ ಒಡ್ಡು ಹಾಕಿ ತಿರುಗಿಸಿಕೊಂಡ ನೀರು. ಬತ್ತ, ಕಬ್ಬು, ಬಾಳೆ ಮೂರಕ್ಕೂ ಅದೇ. ಅಪ್ಪನ ಸುಪರ್ದಿಯಲ್ಲಿ ನಾಲ್ಕು ತೂಬು. ಒಂದೊಂದಕ್ಕೂ ಕಬ್ಬಿಣದ ತಿರುಪಿನ ಸರಳು, ಮೇಲೆ ತಿರುಗಿಸುವ ಚಕ್ರ. ಸರಳಿನ ಮೇಲೆ ಸುಣ್ಣದ ಕಡ್ಡಿಯಿಂದ ಎಳೆದ ಗೀಟುಗಳು. ಇಷ್ಟು ಎತ್ತಿದರೆ ಬಾಳೆಗೆ, ಇಷ್ಟು ಎತ್ತಿದರೆ ಬತ್ತಕ್ಕೆ. ಶಾಲೆಯಿಂದ ಬಂದವನು ಚೀಲ ಬದುವಿನ ಮೇಲೆ ಎಸೆದು ಚಕ್ರ ತಿರುಗಿಸುತ್ತಿದ್ದೆ. ಗೀಟು ಕಲ್ಲಿನ ಅಂಚಿಗೆ ಬಂದ ಕೂಡಲೇ ಅಪ್ಪ ‘ಹಾಂ, ಬಿಡು’ ಅನ್ನುತ್ತಿದ್ದ. ಮಾಸ್ಟ್ರೂ ಅದನ್ನೇ ಅನ್ನುತ್ತಿದ್ದರು. ಕೊಳಲು ತಪ್ಪಿದರೆ ಸಿಗುವ ಬೈಗುಳ ಮಾತ್ರ ಬೇರೆ.

ಫೇಡರು ಏರಿಳಿದದ್ದನ್ನು ಯಂತ್ರವೇ ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಏರಿಳಿಸುವ ಏರ್ಪಾಡು ಪ್ರಪಂಚದಲ್ಲಿ ಆಗಲೇ ಇತ್ತು. 1970ರ ದಶಕದಲ್ಲೇ ಇಂಗ್ಲೆಂಡಿನ ನೀವ್ ಕಂಪನಿ ಮೋಟಾರು ಕೂರಿಸಿದ ಫೇಡರುಗಳ ಕನ್ಸೋಲು ಮಾಡಿತ್ತು. ಬೀಟಲ್ಸ್ ತಂಡದ ಹಾಡುಗಳನ್ನು ನಿರ್ಮಿಸಿದ ಜಾರ್ಜ್ ಮಾರ್ಟಿನ್ ಅವರ ಲಂಡನ್ ಸ್ಟುಡಿಯೊ ಅದನ್ನು ಮೊದಲಿಗೆ ಕೊಂಡವರ ಪೈಕಿ. ನಮಗೆ ಲಂಡನ್ ಇರಲಿ, ಬೆಂಗಳೂರಿನಲ್ಲಿ ಶಂಕರ್‌ನಾಗ್ ಕಟ್ಟಿದ ಸಂಕೇತ್ ಸ್ಟುಡಿಯೊ ಕೂಡ ಕ್ಯಾಸೆಟ್ಟಿನ ಹೊದಿಕೆಯ ಹಿಂಬದಿಯಲ್ಲಿ ಓದಿ ಗೊತ್ತಿದ್ದ ಹೆಸರು. ಹೊಸಪೇಟೆಯಲ್ಲಿ ನೆನಪಿಟ್ಟುಕೊಳ್ಳುವ ಯಂತ್ರ ಅಂದರೆ ಬಿಳಿ ಟೇಪು.

2004ರಲ್ಲಿ ಮಾಸ್ಟ್ರಿಗೆ ಕಣ್ಣಿನ ಪೊರೆ ಬಂದು ಕೋಣೆ ನನ್ನ ಪಾಲಿಗೆ ಬಂತು. ನಾನು ಮಿಕ್ಸರು ಮಾರಿ ಕಂಪ್ಯೂಟರು ತಂದೆ. ಮೊದಲ ಕೆಲಸ ಸಂಡೂರಿನ ಕುಮಾರಸ್ವಾಮಿಯ ಮೇಲಿನ ಭಜನೆಗಳು, ಆರು ಜನ ಹಿಮ್ಮೇಳ. ಕಂಪ್ಯೂಟರಿನಲ್ಲಿ ಪ್ರತಿ ಟ್ರ್ಯಾಕಿನ ಮೇಲೆ ಒಂದು ಗೆರೆ. ಮೌಸ್ ಒತ್ತಿದ ಕಡೆ ಒಂದು ಚುಕ್ಕೆ, ಚುಕ್ಕೆ ಎಳೆದರೆ ಗೆರೆ ಏರುತ್ತದೆ, ದನಿ ಏರುತ್ತದೆ. ಇದನ್ನೇ ಆಟೊಮೇಶನ್ ಅನ್ನುತ್ತಾರೆ ಎಂದು ಗೊತ್ತಾದಾಗ ನನಗೆ ಹುಚ್ಚು ಹಿಡಿಯಿತು. ಇನ್ನು ನಾಲ್ಕು ಕೈ ಬೇಡ, ತಬಲಾದವನ ಹಟವೂ ಬೇಡ! ಒಂದೊಂದು ಅಕ್ಷರಕ್ಕೆ ಚುಕ್ಕೆ ಇಟ್ಟೆ. ‘ಕುಮಾರ’ದ ‘ಕು’ ತಗ್ಗಿದೆ, ಎತ್ತು. ‘ಸ್ವಾ’ ಹೆಚ್ಚಾಯಿತು, ಇಳಿಸು. ಒಂದು ಹಾಡಿಗೆ ನಾಲ್ಕು ರಾತ್ರಿ. ಐದನೆಯ ದಿನ ಭಜನಾ ಮಂಡಳಿಯ ಹಿರಿಯರು ಬಂದು ಕೇಳಿ, ‘ಛಲೋ ಐತಿ. ಆದ್ರ ಎಲ್ಲಾರೂ ಕುಂತಲ್ಲೇ ಕುಂತು ಹಾಡಿದಂಗಾತು’ ಅಂದರು. ನಿಜವಾಗಿ ಅವರೆಲ್ಲ ಕುಳಿತೇ ಹಾಡಿದ್ದರು. ಅದಕ್ಕೇ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅದೇ ವರ್ಷಗಳಲ್ಲಿ ಲಾರಿಗಳು. ಅದಿರಿನ ಬೆಲೆ ಏರಿದ್ದೇ ಸಂಡೂರಿನ ಗುಡ್ಡಗಳು ಹೊಸಪೇಟೆಯ ರಸ್ತೆ ಮೇಲೆ ಹೊರಟವು. ಹಗಲಿಲ್ಲ, ರಾತ್ರಿಯಿಲ್ಲ. ಕಿಟಕಿಗೆ ಗೋಣಿ, ಥರ್ಮೋಕೋಲು, ಹಳೆಯ ಹಾಸಿಗೆ ಎಲ್ಲ ತುಂಬಿದರೂ ಆ ದಪ್ಪ ಗುಡುಗು ಕಾಲಿನ ಕೆಳಗಿಂದ ಬಂದು ಮೈಕಿಗೆ ಏರುತ್ತಿತ್ತು. ತಗ್ಗು ಕಂಪನಗಳನ್ನೆಲ್ಲ ಫಿಲ್ಟರಿನಿಂದ ಕತ್ತರಿಸಿದರೆ ಲಾರಿ ಹೋಗುತ್ತದೆ, ಜೊತೆಗೆ ಗಂಡಸಿನ ದನಿಯ ಎದೆಯೂ ಹೋಗುತ್ತದೆ. ಕಡೆಗೆ ಫಿಲ್ಟರಿಗೇ ಆಟೊಮೇಶನ್ ಬರೆಯುವುದನ್ನು ಕಲಿತೆ. ಮಾಮೂಲಿಗೆ 80 ಹರ್ಟ್ಸಿನಲ್ಲಿ ಇರಲಿ. ಹಾಡಿನ ನಡುವೆ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಲಾರಿ ಹೋದರೆ ಅಷ್ಟು ಹೊತ್ತು ಮಾತ್ರ 200ಕ್ಕೆ ಏರಿಸಿ, ಮುಂದಿನ ಪದಕ್ಕೆ ಮುಂಚೆ ಇಳಿಸು. ವಾಲ್ಯೂಮಿಗೆ ಮಾತ್ರವಲ್ಲ, ತಿರುಗುವ ಗುಂಡಿ ಯಾವುದಿದ್ದರೂ ಅದನ್ನು ಬರೆಯಬಹುದು ಅನ್ನುವುದನ್ನು ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ಅದಿರಿನ ಲಾರಿ. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟಿನಲ್ಲಿ ಒಂದು ರಾತ್ರಿ ಹೆಡ್‌ಫೋನು ಹಾಕಿಕೊಂಡು ಖಾಲಿ ಕೋಣೆಯನ್ನು ರೆಕಾರ್ಡು ಮಾಡಿದೆ. ಗೋಡೆಯ ಗಡಿಯಾರ ಕೇಳಿಸಿತು. ಆ ಗಡಿಯಾರ ಸದ್ದು ಮಾಡುತ್ತದೆ ಎಂದು ಏಳು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಮಾರನೆಯ ದಿನವೇ ತೆಗೆದೆ. ಲಾರಿ ಕಂತು ಕಟ್ಟಲಾಗದೆ ಕುಳಿತ ಗೆಳೆಯನೊಬ್ಬನಿಗೆ ಈ ಸಂಗತಿಯನ್ನು ಹೇಳಲು ಬಾಯಿ ಬರಲಿಲ್ಲ.

ಆ ಬಿಡುವಿನಲ್ಲೇ ನಾನು ಮೊದಲ ಬಾರಿಗೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಂಡದ್ದು. ರೀಪರ್, 60 ಡಾಲರು. ಅದಕ್ಕೂ ಮುಂಚಿನದೆಲ್ಲ ಹೇಗೆ ಬಂದಿತ್ತು ಅನ್ನುವುದನ್ನು ಈ ಕಸುಬಿನವರು ಕೇಳುವುದಿಲ್ಲ. ಜೊತೆಗೆ ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಒಂದೇ ಫೇಡರಿನ ಸಣ್ಣ ಪೆಟ್ಟಿಗೆ ತಂದೆ. ಒಳಗೆ ಮೋಟಾರು. ಹಾಡು ಬಿಟ್ಟರೆ, ಹಿಂದಿನ ಸಲ ನಾನು ಹೇಗೆ ಸರಿಸಿದ್ದೆನೋ ಹಾಗೇ ಅದು ತಾನೇ ಸರಿಯುತ್ತದೆ. ಮೊದಲ ದಿನ ನನ್ನ ಹೆಂಡತಿ ನೋಡಿ ‘ದೆವ್ವ ಬಂದಂಗ ಐತಿ’ ಅಂದಳು.

ಆ ಪೆಟ್ಟಿಗೆಯಲ್ಲಿ ‘ರೈಟ್’ ಅಂತ ಒಂದು ಗುಂಡಿ ಇದೆ. ಹೊಸಬರೆಲ್ಲ ಮೊದಲು ಒತ್ತುವುದು ಅದನ್ನೇ, ಬರೆಯಬೇಕು ಎಂದರೆ ಬರೆಯುವ ಗುಂಡಿ ತಾನೆ! ಒಂದು ಸಂಸ್ಥೆಗಾಗಿ ವಿಜಯನಗರದ ಕಥೆಯ ಧ್ವನಿನಾಟಕ ಮಾಡುತ್ತಿದ್ದೆ. ಹಂಪಿ ಉತ್ಸವದಲ್ಲಿ ಗಜಶಾಲೆಯ ಮುಂದೆ ಧ್ವನಿ-ಬೆಳಕು ನೋಡಿದ್ದೆನಲ್ಲ, ಅದರ ಗುಂಗು. ಕುದುರೆ, ಕಹಳೆ, ಸಂತೆಯ ಗದ್ದಲ ಎಲ್ಲ ಇತ್ತು. ಮೂರು ದಿನ ಕುಳಿತು ದನಿಗಳ ಏರಿಳಿತ ಬರೆದೆ. ನಾಲ್ಕನೆಯ ದಿನ ಬೆಳಿಗ್ಗೆ, ಹೇಗಾಗಿದೆ ನೋಡೋಣವೆಂದು ನಾಟಕ ಹಾಕಿ ಒಳಗೆ ಚಹಾ ತರಲು ಹೋದೆ. ಸೂತ್ರಧಾರನ ಟ್ರ್ಯಾಕು ರೈಟ್‌ನಲ್ಲೇ ಇತ್ತು. ಫೇಡರು ನಿಂತಲ್ಲಿ ನಿಂತಿತ್ತು. ಯಂತ್ರ ಅದನ್ನೇ ನನ್ನ ಕೈ ಎಂದು ತಿಳಿದು, ಇಪ್ಪತ್ತೆರಡು ನಿಮಿಷದ ಏರಿಳಿತವನ್ನೆಲ್ಲ ಅಳಿಸಿ ನೆಟ್ಟಗೆ ಒಂದು ಗೆರೆ ಎಳೆದಿತ್ತು. ವಾಪಸು ಬಂದಾಗ ಪರದೆಯ ಮೇಲೆ ಬರದ ವರ್ಷದ ಕಾಲುವೆ. ಅಷ್ಟರಲ್ಲಿ ಫೈಲು ತಾನಾಗಿ ಸೇವ್ ಆಗಿ ಕರೆಂಟು ಹೋಯಿತು, ರದ್ದು ಮಾಡಿ ಹಿಂದಕ್ಕೆ ಹೋಗುವ ದಾರಿಯೂ ಮುಚ್ಚಿತು. ಹಳೆಯ ಫೈಲು ಬೇರೆ ಹೆಸರಿನಲ್ಲಿ ಇಟ್ಟಿರಲಿಲ್ಲ. ಯುಪಿಎಸ್ ಬ್ಯಾಟರಿ ಬದಲಿಸಬೇಕು ಎಂದು ಆರು ತಿಂಗಳಿಂದ ಅಂದುಕೊಳ್ಳುತ್ತಿದ್ದೆ.

ಅಂದಿನಿಂದ ನನ್ನದು ಹೆಚ್ಚಾಗಿ ‘ಟಚ್’. ಬೆರಳು ಇಟ್ಟಷ್ಟು ಹೊತ್ತು ಮಾತ್ರ ಬರೆಯುತ್ತದೆ. ಬಿಟ್ಟ ಕೂಡಲೇ ಫೇಡರು ಹಳೆಯ ಗೆರೆಗೆ ಮರಳುತ್ತದೆ. ಚರಣವಿಡೀ ಹೊಸ ಮಟ್ಟದಲ್ಲೇ ನಿಲ್ಲಬೇಕು ಎಂದಿದ್ದರೆ ‘ಲ್ಯಾಚ್’. ಅದು ಬಿಟ್ಟಲ್ಲಿ ನಿಂತು, ಹಾಡು ನಿಲ್ಲಿಸುವವರೆಗೆ ಅಲ್ಲೇ ಇರುತ್ತದೆ. ಕೆಲಸ ಮುಗಿದ ಟ್ರ್ಯಾಕುಗಳನ್ನೆಲ್ಲ ‘ರೀಡ್’ಗೆ ಹಾಕಿ ಎದ್ದೇಳುವುದು, ಮನೆ ಬಿಡುವಾಗ ಗ್ಯಾಸು ಆರಿಸಿದ ಹಾಗೆ.

ಬೆರಳಿಗೆ ಇನ್ನೊಂದು ಕಾಯಿಲೆ ಇದೆ. ಅದು ಯಾವಾಗಲೂ ಕಿವಿಗಿಂತ ಹಿಂದೆ. ಪದ ತಗ್ಗಿತು ಎಂದು ಕೇಳಿ, ತಿಳಿದು, ಎತ್ತುವಷ್ಟರಲ್ಲಿ ಪದ ಮುಗಿದಿರುತ್ತದೆ. ನಾನು ಎತ್ತಿದ್ದು ಮುಂದಿನ ಪದವನ್ನು. ವರ್ಷಗಟ್ಟಲೆ ನನ್ನ ಮಿಕ್ಸುಗಳಲ್ಲಿ ಏನೋ ಜಗ್ಗಿದ ಹಾಗೆ ಕೇಳಿಸುತ್ತಿದ್ದುದು ಇದೇ. ಈಗ ಬರೆದಾದ ಮೇಲೆ ಇಡೀ ಗೆರೆಯನ್ನು ಹಿಡಿದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಎಡಕ್ಕೆ ಸರಿಸುತ್ತೇನೆ. ಅಪ್ಪನಿಗೆ ಇದು ಹೇಳಿಕೊಡದೆ ಗೊತ್ತಿತ್ತು. ಕಾಲುವೆಯ ಕೊನೆಯ ಹೊಲಕ್ಕೆ ಬೆಳಗಿನ ಜಾವ ನೀರು ಬೇಕು ಅಂದರೆ ಅವನು ತೂಬು ಎತ್ತುತ್ತಿದ್ದುದು ಹಿಂದಿನ ಸಂಜೆ. ಕೊನೆಯವನು ಕೂಗಿದ ಮೇಲೆ ಎತ್ತುವವನು ನೀರುಗಂಟಿಯಲ್ಲ.

ಮತ್ತೆ ಚುಕ್ಕೆಗಳು. ಬೆರಳಿನ ನಡುಕವನ್ನೆಲ್ಲ ಯಂತ್ರ ಬರೆದುಕೊಳ್ಳುವುದರಿಂದ ಒಂದು ನಿಮಿಷಕ್ಕೆ ನೂರಾರು ಚುಕ್ಕೆ ಬೀಳುತ್ತವೆ. ಆಮೇಲೆ ಒಂದು ಜಾಗ ತಿದ್ದಬೇಕೆಂದರೆ ಸಾಸಿವೆ ಆರಿಸಿದ ಹಾಗೆ. ತೆಳುವಾಗಿಸುವ ಆಜ್ಞೆ ಒಂದಿದೆ. ಗೆರೆಯ ಆಕಾರ ಕೆಡದಷ್ಟು ಚುಕ್ಕೆ ಉಳಿಸಿ ಮಿಕ್ಕಿದ್ದು ಕಿತ್ತುಹಾಕುತ್ತದೆ. ಪೈರು ವಿರಳ ಮಾಡಿದಂತೆ. ಇಷ್ಟೆಲ್ಲ ಕಲಿತು ನಾನು ಪಳಗಿದವನೆಂದು ಬೀಗುತ್ತಿದ್ದಾಗಲೇ ಒಬ್ಬ ತಾಯಿ ಬಂದದ್ದು.

ಬುರ್ರಕಥೆ ಹೇಳುವವರು. ಸಂಡೂರು ತಾಲ್ಲೂಕಿನ ಕಡೆಯ ಒಂದು ಹಳ್ಳಿ. ಆ ಸೀಮೆಯಲ್ಲಿ ಬುರ್ರಕಥೆ ಎಂದರೆ ಮೊದಲು ಬಾಯಿಗೆ ಬರುವ ಹೆಸರು ದರೋಜಿ ಈರಮ್ಮನವರದು. ಅಕ್ಷರ ಬಾರದ ಈರಮ್ಮನವರು ದಿನಗಟ್ಟಲೆ ಹೇಳುವ ಕಾವ್ಯಗಳನ್ನು ನೆನಪಿನಲ್ಲೇ ಹೊತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ, ಇಷ್ಟು ಹತ್ತಿರವಿದ್ದೂ ಒಂದು ದಿನವೂ ನನ್ನ ಮೈಕು ಅವರ ಮುಂದೆ ಇಡಲಿಲ್ಲವಲ್ಲ ಎಂದು ಮೈ ಪರಚಿಕೊಳ್ಳುವಂತಾಗಿತ್ತು. ಹೀಗಾಗಿ ಮರುವರ್ಷ ಒಬ್ಬ ಮೇಷ್ಟ್ರು, ‘ನಮ್ಮ ಊರ ಕಡೆ ಒಬ್ಬಾಕಿ ಇದಾಳ, ರೆಕಾರ್ಡ್ ಮಾಡ್ತೀಯಾ, ದುಡ್ಡು ಮಾತ್ರ ಕೇಳಬ್ಯಾಡ’ ಅಂದಾಗ ಕೇಳಲಿಲ್ಲ.

ಆಕೆಗೆ ಅರವತ್ತರ ಮೇಲೆ. ಹೆಗಲಿಗೆ ತಂಬೂರಿ, ಬೆರಳಿಗೆ ಗಗ್ಗರ. ಎರಡೂ ಪಕ್ಕಕ್ಕೆ ಗುಮ್ಮಟೆ ಬಾರಿಸುವ ಇಬ್ಬರು, ಆಕೆಯ ತಂಗಿ ಮತ್ತು ಸೊಸೆ. ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಬೇರೆ ಬೇರೆ ಟ್ರ್ಯಾಕು ಮಾಡೋಣ ಎಂದು ನಾನು ಹೇಳಿದ್ದಕ್ಕೆ ಮೂವರೂ ನಕ್ಕರು. ಒಬ್ಬರ ಮುಖ ಒಬ್ಬರು ನೋಡದೆ ಕಥೆ ಹೇಗೆ ಹೇಳುವುದು? ಒಂದೇ ಚಾಪೆಯ ಮೇಲೆ ಕುಳಿತರು. ಅಲ್ಲಿಗೆ ಆಕೆಯ ಮೈಕಿನಲ್ಲಿ ದನಿ ಎಷ್ಟೋ ಗುಮ್ಮಟೆಯೂ ಅಷ್ಟೇ. ಬಾಲನಾಗಮ್ಮನ ಕಥೆ. ಮಾಯಗಾರ ಬಂದು ಅವಳನ್ನು ಹೊತ್ತುಕೊಂಡು ಹೋಗುವಾಗ ತೊಟ್ಟಿಲಲ್ಲಿ ಕೂಸು ಉಳಿಯುತ್ತದೆ. ಆ ಭಾಗಕ್ಕೆ ಬಂದಾಗ ಆಕೆ ದನಿಯನ್ನೇ ಇಳಿಸಿಬಿಟ್ಟರು. ನನ್ನ ಮೀಟರು ಕೆಂಪಾಗುವ ಬದಲು ತಳಕ್ಕೆ ಬಿತ್ತು. ಪಿಸುಮಾತೂ ಅಲ್ಲ, ಬರೀ ಉಸಿರು, ಅದರ ಮೇಲೆ ಎರಡು ಮೂರು ಪದ. ಗುಮ್ಮಟೆಗಳೂ ನಿಂತವು. ಆಮೇಲೆ ಒಂದೇ ಸಲಕ್ಕೆ ಮೂವರೂ.

ಮಿಕ್ಸ್ ಮಾಡಲು ಕುಳಿತವನು ನನ್ನ ಕಸುಬನ್ನೆಲ್ಲ ತೋರಿಸಿದೆ. ಹಿಂದಿನ ಆರು ಸೆಕೆಂಡಿನಿಂದ ಬಿಟ್ಟುಕೊಂಡು ಟಚ್‌ನಲ್ಲಿ ಆ ಉಸಿರನ್ನು ಎತ್ತಿದೆ, ಒಂದು ಡೆಸಿಬೆಲ್ ಅಲ್ಲ, ಹತ್ತು. ಗುಮ್ಮಟೆ ಒಳಗೆ ಬರುವಾಗ ಇಳಿಸಿದೆ. ಗೆರೆಯನ್ನು ಎಡಕ್ಕೆ ಸರಿಸಿದೆ, ತೆಳು ಮಾಡಿದೆ. ಪ್ರತಿ ಪದವೂ ಸ್ಪಷ್ಟ, ಬಸ್ಸಿನಲ್ಲಿ ಮೊಬೈಲಿನಲ್ಲಿ ಕೇಳಿದರೂ ಕೇಳುವ ಹಾಗೆ. ಎರಡು ವಾರದ ನಂತರ ಆಕೆಯನ್ನು ಕರೆಸಿ ಹೆಡ್‌ಫೋನು ಹಾಕಿದೆ. ಆ ತಾಯಿ ತಲೆ ಮೇಲಿನ ಸೆರಗು ಸರಿಸದೆಯೇ, ಸೆರಗಿನ ಮೇಲೆ ಹಾಕಿಕೊಂಡರು. ಕಣ್ಣು ಮುಚ್ಚಿ ಕೇಳಿದರು. ತೊಟ್ಟಿಲಿನ ಭಾಗ ಬಂತು, ಹೋಯಿತು. ಕಣ್ಣು ತೆರೆದರು.

‘ತಮ್ಮಾ, ನಾ ಅತ್ತಿದ್ದು ಎಲ್ಲಿ ಹೋತು?’

‘ಇದೆಯಲ್ಲವ್ವ, ಎಲ್ಲಾ ಕೇಳಸ್ತೈತಿ’ ಅಂದೆ.

‘ಕೇಳಸ್ತೈತಿ. ಕೇಳಬಾರದು ಅಂತ ಅಲ್ಲೇನು ನಾ ಸಣ್ಣಗ ಹೇಳಿದ್ದು? ಮುಂದಿದ್ದೋರು ಕುಂಡಿ ಎತ್ತಿ ಹತ್ರ ಸರಿಬೇಕು. ಆಮೇಲೆ ಹೊಡೀಬೇಕು.’ ಪಕ್ಕದಲ್ಲಿದ್ದ ಸೊಸೆ ತುಟಿ ಕಚ್ಚಿಕೊಂಡು ನಗು ತಡೆದಳು.

ಭಜನಾ ಮಂಡಳಿಯ ಹಿರಿಯರು ಹತ್ತು ವರ್ಷದ ಹಿಂದೆ ಹೇಳಿದ್ದು ಆಗ ನನಗೆ ಕೇಳಿಸಿತು. ಅವತ್ತು ರಾತ್ರಿ ತೊಟ್ಟಿಲಿನ ಭಾಗದ ಗೆರೆಯನ್ನು ಪೂರ್ತಿ ಅಳಿಸಿದೆ. ಅಳಿಸಿದರೆ ಪದ ತೀರಾ ಕಳೆದುಹೋಗುತ್ತದೆ, ಮೈಕಿಗೂ ಒಂದು ಮಿತಿ ಇದೆ; ಹಾಗಾಗಿ ಬೇರೆ ದಾರಿ ಹುಡುಕಿದೆ. ಅದಕ್ಕೂ ಮುಂಚಿನ ಒಂದು ನಿಮಿಷದುದ್ದಕ್ಕೂ ಇಡೀ ಮಿಕ್ಸನ್ನು ಕೇಳುವವನಿಗೆ ಗೊತ್ತಾಗದಂತೆ ಇಳಿಸುತ್ತ ಬಂದೆ, ಮೂರು ಡೆಸಿಬೆಲ್. ಕಿವಿ ಆ ತಗ್ಗಿಗೆ ಒಗ್ಗಿಕೊಂಡ ಮೇಲೆ ಉಸಿರಿನ ಜಾಗದಲ್ಲಿ ಒಂದೇ ಒಂದು ಸಲ, ಎರಡು ಡೆಸಿಬೆಲ್ ಎತ್ತಿದೆ. ಎರಡು ಚುಕ್ಕೆ ಏರಲು, ಎರಡು ಇಳಿಯಲು. ಮೊದಲು ಒಂಬೈನೂರು ಚಿಲ್ಲರೆ ಇದ್ದ ಗೆರೆಯಲ್ಲಿ ಕಡೆಗೆ ಉಳಿದದ್ದು ಮೂವತ್ತೊಂದು. ಪದಗಳ ಸಣ್ಣ ಹೆಚ್ಚು ಕಡಿಮೆಯನ್ನು ಫೇಡರಿಗೆ ಬಿಡದೆ, ಮೊದಲೇ ಆಯಾ ತುಣುಕಿನ ಮಟ್ಟದಲ್ಲೇ ಸರಿಮಾಡಿಬಿಟ್ಟರೆ ಆಟೊಮೇಶನ್‌ಗೆ ಕಥೆ ಹೇಳುವ ಕೆಲಸ ಮಾತ್ರ ಉಳಿಯುತ್ತದೆ. ನಾಲ್ಕು ರಾತ್ರಿಯ ಕೆಲಸ ಈಗ ಎರಡು ಗಂಟೆಯದು. ಹುಡುಗರು ಕಲಿಯಲು ಬಂದರೆ ಮೊದಲ ತಿಂಗಳು ಫೇಡರು ಮುಟ್ಟಿಸುವುದೇ ಇಲ್ಲ ನಾನು. ಅವರು ಬೇಜಾರಾಗಿ ಬಿಟ್ಟು ಹೋಗುವುದೂ ಉಂಟು.

ಅಪ್ಪ ಸ್ಟುಡಿಯೊ ಒಳಗೆ ಬಂದದ್ದು ಒಂದೇ ಸಲ, ಕಣ್ಣಿನ ಡಾಕ್ಟರಿಗೆ ತೋರಿಸಲು ಕಂಪ್ಲಿಯಿಂದ ಬಂದಾಗ. ಗಂಗಾವತಿ ಕಡೆಯ ಸೇತುವೆ ಮೇಲೆ ನೀರು ಬಂದು ಬಸ್ಸು ನಿಂತಿವೆ, ನಮ್ಮ ಕಡೆಯವು ಓಡುತ್ತಿವೆ ಎಂದು ಸುದ್ದಿ ಹೇಳುತ್ತ ಚಪ್ಪಲಿ ಹೊರಗೆ ಬಿಟ್ಟ. ನಾನು ಬುರ್ರಕಥೆಯ ಮಿಕ್ಸು ಹಾಕಿದೆ. ಅವನು ಕಥೆ ಕೇಳಲಿಲ್ಲ, ಫೇಡರು ನೋಡುತ್ತ ಕುಳಿತ. ಯಾರೂ ಮುಟ್ಟದೆ ಅದು ಸಾವಕಾಶ ಇಳಿಯುತ್ತಿತ್ತು. ಉಗುರಿನಿಂದ ತಡೆದ. ಫೇಡರಿಗೆ ಉಗುರು ತಿಳಿಯುವುದಿಲ್ಲ, ಚರ್ಮ ಬೇಕು. ಅದು ಅವನ ಉಗುರನ್ನೇ ನೂಕಿಕೊಂಡು ಹೋಯಿತು. ಆಮೇಲೆ ಹೆಬ್ಬೆರಳು ಪೂರ್ತಿ ಒತ್ತಿದ. ನಿಂತಿತು. ಬಿಟ್ಟ. ಮತ್ತೆ ತನ್ನ ದಾರಿ ಹಿಡಿಯಿತು.

‘ಯಾರ ಕೈ ಇದು?’

‘ನಂದೇ ಅಪ್ಪ. ನಿನ್ನೆ ನಾ ಮಾಡಿದ್ದು.’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನಿನ್ನೆ ನೀರು ಎಷ್ಟಿತ್ತೋ ಅಷ್ಟಕ್ಕ ಮಾಡೀದಿ. ಇವತ್ತು ಹೊಳಿ ಇಳದಿದ್ರ?’

ಸುಣ್ಣದ ಗೀಟುಗಳ ಬಗ್ಗೆ ನಾನು ಕೇಳಿದ್ದು ಆಗಲೇ. ಅವು ಒಂದೇ ಗೀಟಲ್ಲವಂತೆ. ಹೊಳೆ ತುಂಬಿದಾಗಿನದು ಒಂದು, ಬೇಸಿಗೆಯದು ಒಂದು. ಒಂದೇ ಬಾಳೆ ತೋಟಕ್ಕೆ ಬೇಸಿಗೆಯಲ್ಲಿ ತೂಬು ಹೆಚ್ಚು ಎತ್ತಬೇಕು, ಹಿಂದಿನಿಂದ ನೂಕುವ ನೀರು ಕಡಿಮೆ ಇರುತ್ತದೆ. ಮಳೆಗೆ ಗೀಟು ತೊಳೆದುಹೋದರೆ ಅವನು ಅದೇ ಜಾಗಕ್ಕೆ ಎಂದೂ ಮತ್ತೆ ಎಳೆಯುತ್ತಿರಲಿಲ್ಲ, ಅವತ್ತಿನ ನೀರು ನೋಡಿಯೇ ಎಳೆಯುತ್ತಿದ್ದ. ನಾನು ಚಕ್ರ ತಿರುಗಿಸಿದ ಅಷ್ಟು ವರ್ಷವೂ ಗೀಟು ನೋಡಿದ್ದೆ. ಅವನು ಗೀಟಿನ ಜೊತೆಗೆ ಕಲ್ಲಿನ ಆಚೆ ನೋಡುತ್ತಿದ್ದ.

ಅವನನ್ನು ಕಂಪ್ಲಿ ಬಸ್ಸಿಗೆ ಹತ್ತಿಸಿ ಬಂದೆ. ಅವತ್ತು ಮಧ್ಯಾಹ್ನವೇ ಎಡಗಡೆಯ ಗುಮ್ಮಟೆಗೆ ಹೊಸದಾಗಿ ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ಹಾಕಿದ್ದೆ, ದನಿಯ ಗೆರೆ ಮಾತ್ರ ಹಳೆಯದೇ ಇತ್ತು. ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿ, ಟಚ್ ಒತ್ತಿ, ತೊಟ್ಟಿಲಿಗೆ ಒಂದು ನಿಮಿಷ ಹಿಂದಿನಿಂದ ಬಿಟ್ಟೆ.